ಮುಂಬಯಿ ಮಳೆಗಾಲದ ತಾಳಮದ್ದಲೆ

ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ತುಳುನಾಡಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆ ಹಿಡಿಯುತ್ತದೆ. ಆಗ ಕಲಾವಿದರ ದಂಡು ಮುಂಬಯಿಗೆ ಹೊರಡುತ್ತದೆ. ಕಾರ್ಕಳದ ಅಜೆಕಾರಿನ ಹೆಸರು ಆ ಮಹಾನಗರದಲ್ಲಿ ಕೇಳಿಸುವುದೂ ಆಗಲೇ: ಅಜೆಕಾರು ಕಲಾಭಿಮಾನಿ ಬಳಗ ಉಪನಗರಗಳ ಸಭಾಗೃಹಗಳಲ್ಲಿ ತಾಳಮದ್ದಲೆ, ಯಕ್ಷಗಾನ ಏರ್ಪಡಿಸುತ್ತದೆ.

ನನಗೆ ತಾಳಮದ್ದಲೆಯೇ ಹೆಚ್ಚು ಇಷ್ಟ. ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ-ಮದ್ದಲೆ, ಪಂಚೆ-ಶಾಲಿನಲ್ಲಿ ಕುಳಿತು ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು, ಇಷ್ಟೇ. ಪದ್ಯ ಮುಗಿದೊಡನೆ ಹುಟ್ಟುವ ಮಾತಿಗೆ ಬರೆದಿಟ್ಟ ಪಾಠವಿಲ್ಲ. ವಾಲಿ ಕೇಳುವ ಪ್ರಶ್ನೆಗೆ ರಾಮ ಅಲ್ಲಿಯೇ ಉತ್ತರ ಹುಡುಕಬೇಕು. ಎದುರಾಳಿ ಬದಲಾದರೆ ಪ್ರಸಂಗದ ನ್ಯಾಯವೇ ಬೇರೆ ರೂಪ ಪಡೆಯುತ್ತದೆ. ಕನ್ನಡದ ಆಡುಮಾತಿಗೆ ಇದಕ್ಕಿಂತ ದೊಡ್ಡ ಗರಡಿಮನೆ ಇಲ್ಲ.

ಮುಂಬಯಿಯ ಈ ಕೂಟಗಳ ಕೇಳುಗರಲ್ಲಿ ಅನೇಕರು ಊರಿನಿಂದ ಬಂದ ಹೋಟೆಲಿನವರು. ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಊಟದ ಮನೆಗಳು ನಗರಕ್ಕೆ ಬಾಳೆಎಲೆಯ ಸಾರು-ಅನ್ನದ ರುಚಿ ಹಿಡಿಸಿದವು. ದಿನವಿಡೀ ಮರಾಠಿ, ಹಿಂದಿ, ಮನೆಯಲ್ಲಿ ತುಳು ಆಡುವ ಈ ಕೇಳುಗರು ಕರ್ಣನ ವಾದವನ್ನು ಮಾತ್ರ ಕನ್ನಡದಲ್ಲೇ ಕೇಳುತ್ತಾರೆ.

ಮಳೆಗಾಲದಲ್ಲಿ ಮುಂಬಯಿಗೆ ಹೋದವರು ಒಂದು ಕೂಟಕ್ಕಾದರೂ ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ.