ದೃಶ್ಯ ಹಂಚಬೇಡಿ, ಪಾತ್ರ ಹಂಚಿ

ಚಿತ್ರಕಥೆ ಕಲಿಸುವ ವೀಕೆಂಡ್ ಕಾರ್ಯಾಗಾರಗಳಲ್ಲಿ ಒಂದು ಆಟ ಇದ್ದೇ ಇರುತ್ತೆ. ಐದೈದು ಜನರ ಗುಂಪು ಮಾಡ್ತಾರೆ. ಮೊದಲನೆಯವರು ಒಂದು ದೃಶ್ಯ ಬರೆದು ಪಕ್ಕದವರಿಗೆ ದಾಟಿಸಬೇಕು, ಹತ್ತು ನಿಮಿಷದಲ್ಲಿ ಅವರು ಮುಂದಿನದ್ದು ಬರೀಬೇಕು. ಊಟದ ಬೆಲ್ ಹೊಡೆಯೋ ಹೊತ್ತಿಗೆ ಕಥೆ ರೆಡಿ, ಚಪ್ಪಾಳೆ. ಇಂಥ ಮೂರು ಕಾರ್ಯಾಗಾರಗಳಲ್ಲಿ ನಾನು ಕೂತಿದ್ದೇನೆ. ಮೂರರಲ್ಲೂ ಎರಡನೇ ದೃಶ್ಯದಲ್ಲಿ ಒಂದು ಹೆಣ ಬಿತ್ತು, ನಾಲ್ಕನೆಯದರಲ್ಲಿ ಅವಳಿ ತಮ್ಮ ಬಂದ, ಐದನೆಯದರಲ್ಲಿ ಯಾರೋ ಬೆವರುತ್ತಾ ನಿದ್ದೆಯಿಂದ ಎದ್ದರು.

ಕಾರಣ ಸರಳ. ಈ ಆಟದಲ್ಲಿ ಎಲ್ಲರೂ ಸಾಲ ಮಾಡ್ತಾರೆ, ತೀರಿಸೋರು ಯಾರೂ ಇಲ್ಲ. ಎರಡನೇ ದೃಶ್ಯದಲ್ಲಿ ಪೆಟ್ಟಿಗೆಗೆ ಬೀಗ ಹಾಕಿದರೆ ನಲವತ್ತನೇ ದೃಶ್ಯದಲ್ಲಿ ಅದನ್ನು ತೆಗೀಬೇಕು. ಇಲ್ಲಿ ಬೀಗ ಹಾಕಿದವರ ಪಾಳಿ ಆಗಲೇ ಮುಗಿದಿರುತ್ತೆ. ಆಫೀಸಲ್ಲಿ ಹೊಸ ಫೀಚರ್ ಬರೆಯೋಕೆ ಹತ್ತು ಜನ ಕೈ ಎತ್ತಿ, ಬಗ್ ಸರಿಮಾಡೋಕೆ ಯಾರೂ ಸಿಗದೆ ಇದ್ದಹಾಗೆ.

ಇನ್ನೊಂದು ಅಭ್ಯಾಸ ಇದಕ್ಕಿಂತ ಅಪಾಯದ್ದು. ಒಬ್ಬರ ದೃಶ್ಯವನ್ನು ಎಲ್ಲರೂ ಓದಿ, ಅನಿಸಿದ್ದನ್ನು ಬೋರ್ಡಿನ ಮೇಲೆ ಬರೆದು, ಬಹುಮತ ಬಂದ ಕಡೆ ತಿದ್ದೋದು. ‘ನಾಯಕ ತುಂಬಾ ಒರಟ’ ಅಂತ ಮೂವರು ಹೇಳಿದರೆ ಅವನು ಮೆದುವಾಗ್ತಾನೆ. ಕೊನೆಗೆ ಉಳಿಯೋದು ಯಾರಿಗೂ ಬೇಜಾರಾಗದ, ಯಾರಿಗೂ ನೆನಪೂ ಇರದ ದೃಶ್ಯ.

ಹಾಗಂತ ಗುಂಪೇ ಬೇಡ ಅಂತಲ್ಲ. ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ಎಲ್ಲಕ್ಕೂ ಒಂದೇ ಹೆಸರು ಹಾಕಿಕೊಳ್ಳೋ ನಮ್ಮ ಚಿತ್ರರಂಗಕ್ಕೆ ಎರಡನೇ ತಲೆಯ ಅಗತ್ಯ ಖಂಡಿತ ಇದೆ. ಪ್ರಶ್ನೆ ಇಷ್ಟೇ: ಆ ತಲೆಗೆ ಏನು ಕೆಲಸ ಕೊಡಬೇಕು?

1978ರ ಜನವರಿಯಲ್ಲಿ ಜಾರ್ಜ್ ಲ್ಯೂಕಸ್, ಸ್ಟೀವನ್ ಸ್ಪಿಲ್‌ಬರ್ಗ್, ಲಾರೆನ್ಸ್ ಕಾಸ್ಡನ್ ಮೂವರೂ ಕೂತು ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಬಗ್ಗೆ ದಿನಗಟ್ಟಲೆ ಮಾತಾಡಿದರು. ಆ ಮಾತುಕತೆಯ ಬರಹರೂಪ ನೂರಕ್ಕೂ ಹೆಚ್ಚು ಪುಟ ಇದೆ. ಐಡಿಯಾಗಳ ಮಳೆ. ಆದರೆ ಆಮೇಲೆ ಚಿತ್ರಕಥೆ ಬರೆದದ್ದು ಕಾಸ್ಡನ್ ಒಬ್ಬರೇ. ಬರೆದದ್ದೆಲ್ಲ ಪರದೆಗೂ ಬರಲಿಲ್ಲ. ಗಣಿ ಗಾಡಿಯ ಚೇಸ್ ಈ ಸಿನಿಮಾದಿಂದ ಹೊರಬಿದ್ದು, 1984ರ ‘ಟೆಂಪಲ್ ಆಫ್ ಡೂಮ್’ನಲ್ಲಿ ಕಾಣಿಸಿಕೊಂಡಿತು. ನಮ್ಮ ‘ತಿಥಿ’ಯನ್ನೇ ನೋಡಿ. ಬರೆದದ್ದು ಇಬ್ಬರು, ಈರೇಗೌಡ ಮತ್ತು ರಾಮ್ ರೆಡ್ಡಿ. ಒಬ್ಬರಿಗೆ ಮಂಡ್ಯದ ಹಳ್ಳಿ ಒಳಗಿಂದ ಗೊತ್ತು, ಇನ್ನೊಬ್ಬರು ಪ್ರಾಗ್‌ನಲ್ಲಿ ಸಿನಿಮಾ ಕಲಿತು ಬಂದವರು. ಒಂದೇ ಥರ ಯೋಚಿಸೋ ಇಪ್ಪತ್ತು ಜನರಿಗಿಂತ ಬೇರೆ ಬೇರೆ ವಿಷಯ ಗೊತ್ತಿರೋ ಇಬ್ಬರು ಮೇಲು.

ಗುಂಪಲ್ಲಿ ಸಂಭಾಷಣೆ ಕಲಿಯೋಕೆ ನನಗೆ ಗೊತ್ತಿರೋ ಒಳ್ಳೆ ಶಾಲೆ ತಾಳಮದ್ದಳೆ. ನಮ್ಮೂರ ಕಡೆ ಮಳೆಗಾಲದಲ್ಲಿ ವೇಷ, ಕುಣಿತ ಏನೂ ಇಲ್ಲದೆ ಚಾಪೆ ಮೇಲೆ ಕೂತು ನಡೆಸ್ತಾರೆ. ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿ ಅಲ್ಲೇ ಮಾತು ಕಟ್ಟಬೇಕು. ಬರೆದುಕೊಟ್ಟ ಡೈಲಾಗ್ ಇಲ್ಲ. ವಾಲಿ ಸಾಯಲೇಬೇಕು, ಅದು ಎಲ್ಲರಿಗೂ ಗೊತ್ತು. ಆದರೆ ಬಾಣ ತಿಂದ ವಾಲಿ, ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಸುಮ್ಮನೆ ಬಿಡೋದಿಲ್ಲ. ಕೊನೆ ಗೊತ್ತಿರೋದರಿಂದ ಅವಳಿ ತಮ್ಮನನ್ನು ತರೋ ಆಸೆ ಯಾರಿಗೂ ಹುಟ್ಟಲ್ಲ. ಎದುರು ಕೂತವರು ಸಹಾಯಕ್ಕೆ ಬಂದವರಲ್ಲ, ವಾದಕ್ಕೆ ಬಂದವರು. ಆದರೂ ಪ್ರಸಂಗ ಹಳಿ ತಪ್ಪದ ಹಾಗೆ ಇಬ್ಬರೂ ನೋಡ್ಕೊಳ್ತಾರೆ.

ಇದನ್ನೇ ನಾವು ನಾಲ್ಕು ಗೆಳೆಯರು ಒಂದು ಭಾನುವಾರ ಮಾಡಿ ನೋಡಿದೆವು. ದೃಶ್ಯ ಹಂಚಲಿಲ್ಲ, ಪಾತ್ರ ಹಂಚಿಕೊಂಡೆವು. ಕೊನೆ ಮೊದಲೇ ನಿಗದಿ: ಅಪ್ಪ ಅಡಿಕೆ ತೋಟ ಮಾರ್ತಾನೆ. ಮಗ ಆದವನು ಇಎಂಐ, ಕೂಲಿಯಾಳಿನ ಕೊರತೆ, ಕೊಳೆರೋಗ ಎಲ್ಲ ಲೆಕ್ಕ ಒಪ್ಪಿಸಿದ. ಅಪ್ಪ ಆದವನು ಎಲ್ಲಾ ಕೇಳಿ, ‘ಆ ಫ್ಲ್ಯಾಟಲ್ಲಿ ನಂಗೆ ಯಾವ ರೂಮು?’ ಅಂದ. ಮಗನಿಗೆ ಉತ್ತರ ಹೊಳೀಲಿಲ್ಲ. ಅಷ್ಟು ಹೊತ್ತಿನ ಮಾತಲ್ಲಿ ದೃಶ್ಯ ಅಂತ ಇದ್ದದ್ದು ಆ ಮೌನವೊಂದೇ. ಒಬ್ಬನೇ ಎರಡೂ ಕಡೆಯ ಮಾತು ಬರೀತಿದ್ದರೆ ಮಗನಿಗೆ ಒಂದು ಜಾಣ ಉತ್ತರ ಸಿಕ್ಕೇ ಸಿಗ್ತಿತ್ತು.

ಆದರೆ ತಾಳಮದ್ದಳೆಯಲ್ಲಿ ಮಾತೇ ಎಲ್ಲ. ಸಿನಿಮಾದಲ್ಲಿ ಹಾಗಲ್ಲ, ಮಗ ಕಿಟಕಿ ಕಡೆ ತಿರುಗಿದರೂ ಸಾಕು. ಹಾಗಾಗಿ ವಾದ ರೆಕಾರ್ಡ್ ಮಾಡಿ, ಮುಕ್ಕಾಲು ಪಾಲು ಕತ್ತರಿಸಬೇಕು. ಈ ಕೆಲಸ ಗುಂಪಿಂದ ಆಗಲ್ಲ. ಪ್ರತಿಯೊಬ್ಬರಿಗೂ ತಾನು ಆಡಿದ ಮಾತು ಚಿನ್ನ. ಒಬ್ಬರು ಮನೆಗೆ ಒಯ್ದು, ನಿಷ್ಠುರವಾಗಿ ಕೂತು ಬರೀಬೇಕು.

ಕಾರ್ಯಾಗಾರಕ್ಕೆ ದುಡ್ಡು ಕಟ್ಟೋ ಮುಂಚೆ ಸಂಘಟಕರನ್ನು ಒಂದು ಮಾತು ಕೇಳಿ: ಗುಂಪಲ್ಲಿ ಹುಟ್ಟಿದ ದೃಶ್ಯವನ್ನು ಕೊನೆಗೆ ಯಾರು ಬರೀತಾರೆ? ‘ಎಲ್ಲರೂ ಸೇರಿ’ ಅಂದರೆ, ಆ ಶನಿವಾರ ಮನೇಲೇ ಕೂತು ಬರೀರಿ.