ಕೊಳಗ ಯಾರದು?

ಕನಕಪುರದಿಂದ ಸಂಗಮದ ಕಡೆ ಹೋಗುವ ದಾರಿಯಲ್ಲಿ ದೊಡ್ಡಆಲಹಳ್ಳಿ ಸಿಗುತ್ತದೆ. ರಾಗಿಯ ಸೀಮೆ, ಹಿಪ್ಪುನೇರಳೆಯ ಸೀಮೆ. ಈ ಸೀಮೆಯ ಕೇರಿಗಳಲ್ಲಿ ಜೀತ ಕಂಡ ಹಿರಿಯರನ್ನು ಮಾತಿಗೆಳೆದರೆ ಕೊಳಗದ ಮಾತು ಬಂದೇ ಬರುತ್ತದೆ. "ಇಸ್ಕೊಳೋವಾಗ ಗೋಪುರ ಕಟ್ಟಿ ಅಳ್ಕೊಳೋರು, ಕೊಡೋವಾಗ ಅಂಗೈಲಿ ಸವರಿ ಕೊಡೋರು ಕಣಪ್ಪಾ. ಕೊಳಗ ಒಂದೇಯ, ಅಳತೆ ಎರಡು." ಸಾಲದ ರಾಗಿ ಕೇರಿಗೆ ಬರುವಾಗ ಕೊಳಗದ ಕಂಠಕ್ಕೆ ಸಮ. ಅದೇ ರಾಗಿ ಬಡ್ಡಿ ಸಮೇತ ಒಡೆಯನ ಹಗೇವಿಗೆ ವಾಪಸ್ಸು ಹೋಗುವಾಗ ಮೇಲೊಂದು ಗುಡ್ಡ. ಯಾರೂ ಕೇಳುವಂತಿರಲಿಲ್ಲ. ಯಾಕೆಂದರೆ ಕೊಳಗ ಅವರ ಮನೆಯದು, ಅಳೆಯುವ ಕೈ ಅವರದು, ಎಣಿಸುವ ಬಾಯಿಯೂ ಅವರದೇ.

ವಿಮರ್ಶೆ ಬರೀರಿ ಅಂದರೆ ಕೊಳಗದ ಕತೆ ತಂದಿದ್ದಾನಲ್ಲ ಅಂತ ಕೆಲವರಿಗೆ ಅನ್ನಿಸಬಹುದು. ತಂದದ್ದಕ್ಕೆ ಕಾರಣ ಇದೆ. ಈಗ ಎಲ್ಲಿ ನೋಡಿದರೂ ಬೆಂಚ್‌ಮಾರ್ಕ್ ಎಂಬ ಪದ ಓಡಾಡುತ್ತಿದೆ. ಶಾಲೆಗೆ ಬೆಂಚ್‌ಮಾರ್ಕ್, ಬ್ಯಾಂಕಿಗೆ ಬೆಂಚ್‌ಮಾರ್ಕ್, ಕಾದಂಬರಿಗೂ ಬೆಂಚ್‌ಮಾರ್ಕ್. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೊಳಗೂ ಆ ಪದ ಕೂತಿದೆ: ಶೇಕಡ 40ಕ್ಕೆ ಕಮ್ಮಿಯಿಲ್ಲದ ವೈಕಲ್ಯ ಇದ್ದರೆ ಮಾತ್ರ ಮೀಸಲಾತಿ. 39 ಇದ್ದವನ ಕಾಲು ಕುಂಟುವುದು ನಿಲ್ಲುತ್ತದೆಯೇ? ನಾವು ಹಿಂದೆ ಮಾನದಂಡ ಅನ್ನುತ್ತಿದ್ದುದೂ ಹೆಚ್ಚುಕಮ್ಮಿ ಇದನ್ನೇ. ಹೆಸರು ಬದಲಾಗಿದೆ, ಕೊಳಗ ಇನ್ನೂ ಯಾರ ಮನೆಯಲ್ಲಿದೆ ಎಂಬುದೇ ಪ್ರಶ್ನೆ.

ಈ ಪದ ಹುಟ್ಟಿದ್ದು ಸರ್ವೆಯವರ ಕೆಲಸದಲ್ಲಿ. ಬಂಡೆಯ ಮೇಲೋ ಸೇತುವೆಯ ಕಲ್ಲಿನ ಮೇಲೋ ಉಳಿಯಿಂದ ಒಂದು ಅಡ್ಡಗೆರೆ ಕೊರೆಯುತ್ತಿದ್ದರು. ಅದರೊಳಕ್ಕೆ ಕಬ್ಬಿಣದ ಪಟ್ಟಿ ಕೂರಿಸಿ, ಅದನ್ನೇ ಬೆಂಚಿನಂತೆ ಮಾಡಿಕೊಂಡು, ಮೇಲೆ ಅಳತೆಯ ಕೋಲು ನಿಲ್ಲಿಸುತ್ತಿದ್ದರು. ಆ ಗೆರೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಮೊದಲೇ ಗೊತ್ತು. ಸುತ್ತಲ ನೆಲದ ಏರುತಗ್ಗನ್ನೆಲ್ಲ ಅಲ್ಲಿಂದ ಎಣಿಸಬೇಕು. ಆ ಗೆರೆ ಬೆಟ್ಟದ ತುದಿಯೇನೂ ಆಗಿರಲಿಲ್ಲ. ಅದನ್ನು ಮುಟ್ಟಿದವನು ಜಾಣ, ಮುಟ್ಟದವನು ದಡ್ಡ ಎಂದು ಅದು ಹೇಳುತ್ತಿರಲಿಲ್ಲ. ನೀನು ಎಲ್ಲಿ ನಿಂತಿದ್ದೀಯ ಅಂತ ತಿಳಿಯೋಕೆ ಇಲ್ಲಿಂದ ಎಣಿಸು, ಅಷ್ಟೆ. ಬೇರೆ ಬೇರೆ ಕಡೆಗೆ ಹೋಗುತ್ತಾ ಹೋಗುತ್ತಾ ಈ ಗುರುತಿನ ಗೆರೆ ತಡೆಗೋಡೆಯಾಯಿತು. ಇಲ್ಲಿಂದ ಎಣಿಸು ಎಂದದ್ದು, ಇದನ್ನು ದಾಟದಿದ್ದರೆ ಒಳಗೆ ಬರಬೇಡ ಎಂದಾಯಿತು.

ನಮ್ಮ ಸೀಮೆಯದೇ ಇನ್ನೊಂದು ಅಳತೆ ನೋಡೋಣ. ರಾಮನಗರದ ಗೂಡಿನ ಮಾರುಕಟ್ಟೆಗೆ ಸುತ್ತಲ ತಾಲ್ಲೂಕುಗಳ ರೈತರು ಗೂಡು ತರುತ್ತಾರೆ. ಅಲ್ಲಿ ರೆಂಡಿಟಾ ಅಂತ ಒಂದು ಲೆಕ್ಕ. ಒಂದು ಕೆಜಿ ನೂಲು ತೆಗೆಯೋಕೆ ಎಷ್ಟು ಕೆಜಿ ಗೂಡು ಬೇಕು ಅನ್ನೋದು ಅದರ ಅರ್ಥ. ಎಂಟು ಕೆಜಿ ಬೇಕಾದ ಗೂಡಿಗಿಂತ ಆರು ಕೆಜಿ ಸಾಕಾಗುವ ಗೂಡು ಮೇಲು. ಪರೀಕ್ಷೆಯಲ್ಲಿ ಅಂಕ ಏರಿದಷ್ಟೂ ಮೇಲು, ಇಲ್ಲಿ ಅಂಕಿ ಇಳಿದಷ್ಟೂ ಮೇಲು. ಇದು ಒಳ್ಳೆಯ ಅಳತೆಯೇ, ಯಾಕೆಂದರೆ ತಾನು ಏನನ್ನು ಅಳೆಯುತ್ತಿದ್ದೇನೆ ಎಂಬುದು ಅದಕ್ಕೆ ಗೊತ್ತು. ಗೂಡನ್ನು ಯಾರೂ ರಾಗಿಯ ಕೊಳಗದಲ್ಲಿ ಅಳೆಯೋದಿಲ್ಲ. ಆದರೆ ಇಂಥ ಒಳ್ಳೆಯ ಅಳತೆಯೂ ಒಂದನ್ನು ಹೊರಗೆ ಬಿಡುತ್ತದೆ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆಂದ ನೂಲು ಬಿಚ್ಚುವವರ ಬೆರಳು ಯಾವ ರೆಂಡಿಟಾದಲ್ಲೂ ಇಲ್ಲ. ಅಳತೆ ಸುಳ್ಳು ಹೇಳದೆಯೂ ಮನುಷ್ಯನನ್ನು ಮರೆಯಬಲ್ಲದು.

ಸರ್ಕಾರದ ಅಳತೆಗೆ ಬನ್ನಿ. 1979ರಲ್ಲಿ ಯೋಜನಾ ಆಯೋಗದ ಒಂದು ಕಾರ್ಯಪಡೆ ಬಡತನದ ಗೆರೆ ಎಳೆಯಿತು: ಹಳ್ಳಿಯವನಿಗೆ ದಿನಕ್ಕೆ 2400 ಕ್ಯಾಲೊರಿ, ಪೇಟೆಯವನಿಗೆ 2100. ಅಷ್ಟು ತಿನ್ನಲು ಆಗದವನು ಬಡವ. ಬಟ್ಟೆ, ಮದ್ದು, ಮಗುವಿನ ಪುಸ್ತಕಕ್ಕೆ ಲೆಕ್ಕದಲ್ಲಿ ಸರಿಯಾದ ಜಾಗ ಇರಲಿಲ್ಲ. 2011ರಲ್ಲಿ ಅದೇ ಆಯೋಗ ಸುಪ್ರೀಂ ಕೋರ್ಟಿಗೆ ಹೇಳಿದ ಲೆಕ್ಕ ಇನ್ನೂ ಸೊಗಸು: ದಿನಕ್ಕೆ ಹಳ್ಳಿಯಲ್ಲಿ 26 ರೂಪಾಯಿ, ಪೇಟೆಯಲ್ಲಿ 32 ರೂಪಾಯಿ. ಅದಕ್ಕಿಂತ ಹೆಚ್ಚು ಖರ್ಚು ಮಾಡುವವನು ಬಡವನಲ್ಲ. ದೇಶಕ್ಕೆ ದೇಶವೇ ನಕ್ಕಿತು. ಹಸಿದವರಿಗೆ ಮಾತ್ರ ನಗು ಬರಲಿಲ್ಲ, ಯಾಕೆಂದರೆ ಆ ಗೆರೆ ಸರಿದರೆ ಕಾರ್ಡೂ ಸರಿಯುತ್ತದೆ ಅಂತ ಅವರಿಗೆ ಗೊತ್ತಿತ್ತು.

ಇನ್ನು 'ಅರ್ಹತೆ' ಎಂಬ ಕೊಳಗ. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಬ್ರಾಹ್ಮಣೇತರರಿಗೆ ನೌಕರಿಯಲ್ಲಿ ಪಾಲು ಕೊಡುವ ಮಾತು ಬಂದಾಗ ದಕ್ಷತೆ ಕೆಡುತ್ತದೆ ಎಂಬ ಕೂಗು ಎದ್ದಿತು. ದಿವಾನ್ ವಿಶ್ವೇಶ್ವರಯ್ಯನವರು ಈ ನೀತಿಗೆ ಒಪ್ಪದೆ ದಿವಾನಗಿರಿಯನ್ನೇ ಬಿಟ್ಟರು. ಕಟ್ಟೆ ಕಟ್ಟುವುದರಲ್ಲಿ ಅವರ ಲೆಕ್ಕ ತಪ್ಪಲಿಲ್ಲ. ಆದರೆ ನೀರಿನ ಮಟ್ಟ ಅಳೆಯುವ ಎಂಜಿನಿಯರು ಎರಡು ಊರಿನ ನೆಲದ ಮಟ್ಟ ಬೇರೆ ಅಂತ ಮೊದಲು ನೋಡುತ್ತಾನೆ. ಅಗ್ರಹಾರದ ಮಟ್ಟ, ಕೇರಿಯ ಮಟ್ಟ ಬೇರೆ ಎಂಬುದು ಮಾತ್ರ ದಕ್ಷತೆಯ ಲೆಕ್ಕದೊಳಕ್ಕೆ ಬರಲಿಲ್ಲ.

ಅದು ಬರೋಕೆ ನೂರು ವರ್ಷ ಹಿಡಿಯಿತು. ಮೀಸಲಾತಿಯಲ್ಲಿ ಬಡ್ತಿ ಪಡೆದ ಪರಿಶಿಷ್ಟ ನೌಕರರ ಜ್ಯೇಷ್ಠತೆಯನ್ನು ಕಾಪಾಡುವ ಕರ್ನಾಟಕದ 2018ರ ಕಾಯ್ದೆಯನ್ನು ಬಿ.ಕೆ. ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅದು 10 ಮೇ 2019. ಪರೀಕ್ಷೆಯ ರ್‍ಯಾಂಕೊಂದೇ ಅರ್ಹತೆಯಲ್ಲ, ಎಲ್ಲರನ್ನೂ ಒಳಗೊಳ್ಳುವುದೂ ಆಡಳಿತದ ದಕ್ಷತೆಯ ಭಾಗವೇ ಎಂಬುದು ಆ ತೀರ್ಪಿನ ತಿರುಳು. ಅದೇ ಮೇ ತಿಂಗಳ 20ರಂದು ಇನ್ನೊಂದು ಸಂಗತಿ ನಡೆಯಿತು. ಪ್ಯಾರಿಸ್ಸಿನ ಹತ್ತಿರ ಬೀಗ ಹಾಕಿ ಇಟ್ಟಿದ್ದ ಲೋಹದ ತುಂಡೊಂದು 1889ರಿಂದ ಜಗತ್ತಿಗೆಲ್ಲ ಕೆಜಿಯ ಮೂಲ ಬಟ್ಟಾಗಿತ್ತು. ಅದಕ್ಕೂ ಅದರ ನಕಲುಗಳಿಗೂ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂದಿತ್ತು. ವಿಜ್ಞಾನಿಗಳು ಅದನ್ನು ಕೈಬಿಟ್ಟು, ನಿಸರ್ಗದ ಸ್ಥಿರಾಂಕವೊಂದರ ಮೇಲೆ ಕೆಜಿಯನ್ನು ಹೊಸದಾಗಿ ನಿಲ್ಲಿಸಿದರು. ನೋಡಿ, ತೂಕದ ಬಟ್ಟನ್ನೇ ಮತ್ತೆ ತೂಗಿ ನೋಡೋದಕ್ಕೆ ವಿಜ್ಞಾನಕ್ಕೆ ನಾಚಿಕೆಯಿಲ್ಲ. ಅಂಥ ನಾಚಿಕೆ ನಮ್ಮ ಸಾಹಿತ್ಯದವರಿಗೆ ಮಾತ್ರ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಅದೂ ಒಂದು ಅಳತೆಯೇ. ಹಸಿದವನಿಗೆ ಇದರಲ್ಲಿ ಕಾಳೆಷ್ಟು, ತೌಡೆಷ್ಟು ಅಂತ ಕೇಳಿದ ಅಳತೆ. ಉತ್ತರ ಕೊಡುವ ಬದಲು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಕೈಮಾಡಿದರು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯದ ಗೋಷ್ಠಿ ಬೇಕೆಂದರೆ, ಸಾಹಿತ್ಯಕ್ಕೆ ಅಂಥ ಭೇದವಿಲ್ಲ ಎಂಬ ಉತ್ತರ ಬಂತು. ಆ ಮಾರ್ಚಿನಲ್ಲೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಸಮ್ಮೇಳನ ಮಾಡಿತು. ಭೇದವಿಲ್ಲ ಎನ್ನುವವರ ಕೈಯಲ್ಲೇ ಕೊಳಗ ಇದ್ದದ್ದನ್ನು ಆಗ ಹುಡುಗರೆಲ್ಲ ಕಂಡರು.

ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿಯ ಜಾಡು ಹಿಡಿದು ಮೇಲಕ್ಕೆ ನಡೆದರೆ ಮಾಗಡಿ ತಾಲ್ಲೂಕಿನ ಮಂಚನಬೆಲೆ. 1954ರಲ್ಲಿ ಸಿದ್ಧಲಿಂಗಯ್ಯ ಹುಟ್ಟಿದ್ದು ಅಲ್ಲಿ. 1975ರ 'ಹೊಲೆಮಾದಿಗರ ಹಾಡು' ಬಂದಾಗ ಇದು ಕಾವ್ಯವೋ ಘೋಷಣೆಯೋ ಅಂತ ಕೇಳಿದವರಿದ್ದರು. ಸಂಯಮ, ವ್ಯಂಗ್ಯ, ಸಂಕೀರ್ಣತೆ ಅಂತ ನವ್ಯರ ಕೊಳಗ ಆಗ ತಯಾರಿತ್ತು. ಒಬ್ಬನೇ ಕೋಣೆಯಲ್ಲಿ ಕೂತು ಓದುವ ಪದ್ಯಕ್ಕೆ ಆ ಕೊಳಗ ಸರಿಯೇ ಇರಬಹುದು. ಸಾವಿರ ಜನ ಮೆರವಣಿಗೆಯಲ್ಲಿ ನಡೆಯುತ್ತಾ ಹಾಡುವ ಪದ್ಯಕ್ಕೆ ಉಸಿರಿನ ಅಳತೆ ಬೇರೆ, ಹೆಜ್ಜೆಯ ಅಳತೆ ಬೇರೆ. ಕಾವೇರಿಯ ಆಚೆ ದಡದಲ್ಲಿ ಮಂಟೇಸ್ವಾಮಿಯ ಕತೆ ಹಾಡುವ ನೀಲಗಾರರನ್ನು ಕೇಳಿ. ಅವರದೂ ಕಟ್ಟುನಿಟ್ಟಾದ ಪರೀಕ್ಷೆಯೇ: ಬೆಳಗಿನ ಜಾವದಲ್ಲಿ ಕೇಳುವವರು ಎದ್ದಿದ್ದಾರೋ ಮಲಗಿದ್ದಾರೋ? ಅಂದರೆ ಕೇರಿಗೆ ಮಾನದಂಡ ಇರಲಿಲ್ಲ ಎಂಬುದು ಸುಳ್ಳು. ಅದನ್ನು ಕೇಳಿದವರಿರಲಿಲ್ಲ. ಅದೇ ಸಿದ್ಧಲಿಂಗಯ್ಯ 2015ರಲ್ಲಿ ಶ್ರವಣಬೆಳಗೊಳದ ಸಮ್ಮೇಳನದ ಅಧ್ಯಕ್ಷರಾದರು. ಗೋಡೆ ಬಿತ್ತು ಅನ್ನಿ, ಬೇಡ ಅನ್ನೋಲ್ಲ. ಆದರೆ ಒಬ್ಬ ಕವಿ ಗೋಡೆ ದಾಟಿದರೆ ಕೊಳಗ ಸರಿಯಾಯಿತು ಅಂತ ತಿಳಿಯೋದು ಬೇಡ.

ಇಲ್ಲಿಯವರೆಗೆ ಬೇರೆಯವರ ಮಾತಾಯಿತು. ಈಗ ನಮ್ಮ ಮಾತು. ನಮ್ಮವರ ಪುಸ್ತಕ ಬಂದರೆ ನಾವು ಏನು ಮಾಡುತ್ತಿದ್ದೇವೆ? ನೋವಿದೆ, ಸಿಟ್ಟಿದೆ, ಸಾಕು ಎಂದು ಬೆನ್ನು ತಟ್ಟುತ್ತೇವೆ. ಮೇಲಿನವರು ಗುಡ್ಡ ಹಾಕಿ ಅಳೆದುಕೊಂಡರು ಅಂತ ಬೈದು, ನಾವು ಅಳೆಯುವುದನ್ನೇ ಬಿಟ್ಟಿದ್ದೇವೆ. ರಿಯಾಯಿತಿಯ ಹೊಗಳಿಕೆಯೂ ಅವಮಾನವೇ. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂತು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದಕ್ಕೆ ಯಾರ ಕನಿಕರವೂ ಬೇಕಿರಲಿಲ್ಲ. ಸಿಟ್ಟನ್ನೇ ಬೆಂಚ್‌ಮಾರ್ಕ್ ಮಾಡಿಕೊಂಡರೆ ಸಿಟ್ಟನ್ನು ನಟಿಸುವವರು ಹುಟ್ಟುತ್ತಾರೆ. ಮೇಷ್ಟ್ರುಗಳಿಗೆ ಇದು ಗೊತ್ತು: ಗೈಡು ಉರು ಹೊಡೆದ ಹುಡುಗನೂ ಅಂಕ ತೆಗೆಯುತ್ತಾನೆ. ಈಗ ಕಂಪ್ಯೂಟರಿನ ಬುದ್ಧಿ ಅಳೆಯುವ ಬೆಂಚ್‌ಮಾರ್ಕ್‌ಗಳ ಮೇಲೂ ಅದೇ ದೂರು, ಯಂತ್ರ ಪ್ರಶ್ನೆಪತ್ರಿಕೆಯನ್ನು ಮೊದಲೇ ಕಂಡಿತ್ತು ಅಂತ. ಇನ್ನೂ ಒಂದು. ನಮ್ಮ ಕೊಳಗದಲ್ಲಿ ನಮ್ಮ ಹೆಣ್ಣುಮಕ್ಕಳ ಮಾತು ಎಷ್ಟು ಹಿಡಿಸಿದೆ? ರಾಗಿ ಬೀಸುತ್ತಾ ಪದ ಕಟ್ಟಿದವರು ಅವರು. ವೇದಿಕೆಯ ಮೇಲೆ ಎಣಿಸಿ ನೋಡಿದರೆ ನಾವೂ ಅಂಗೈಲಿ ಸವರಿಯೇ ಕೊಟ್ಟಿದ್ದೇವೆ.

ಅಳತೆ ಬೇಡ ಅಂತ ಯಾರೂ ಹೇಳಬಾರದು. ಅಳತೆಯಿಲ್ಲದ ಊರಿನಲ್ಲಿ ಮೊದಲು ಮೋಸ ಹೋಗುವವನು ಬಡವ. ನಾವು ಕೇಳಬೇಕಾದ್ದು ಇಷ್ಟು: ಈ ಗೆರೆ ಎಳೆದವರು ಯಾರು, ಯಾವ ನೆಲವನ್ನು ಸಮುದ್ರಮಟ್ಟ ಎಂದುಕೊಂಡು ಎಣಿಸಿದರು, ಎಣಿಸುವಾಗ ಯಾರ ಬೆರಳು ಹೊರಗೆ ಉಳಿಯಿತು? ಇದನ್ನು ಸರ್ಕಾರದ ಪಟ್ಟಿಗೂ ಕೇಳಬೇಕು, ವಿಶ್ವವಿದ್ಯಾಲಯದ ಪಠ್ಯಕ್ಕೂ ಕೇಳಬೇಕು, ಈ ಪತ್ರಿಕೆಗೂ ಕೇಳಬೇಕು. ಕೊಳಗವನ್ನು ಒಡೆಯನ ಮನೆಯಿಂದ ಹೊರಕ್ಕೆ ತಂದು ಕಣದ ನಡುವೆ, ಎಲ್ಲರ ಕಣ್ಣೆದುರು ಇಡಬೇಕು. ಕಂಠಕ್ಕೆ ಸಮ ಅಂದರೆ ಕೊಡುವಾಗಲೂ ಸಮ, ಇಸಕೊಳ್ಳುವಾಗಲೂ ಸಮ. ಆಮೇಲೆ ನಮ್ಮ ರಾಗಿಯನ್ನೂ ಸುರಿಯೋಣ. ಜೊಳ್ಳಿದ್ದರೆ ತೂರಿ ಹೋಗಲಿ.