ಮೂಕಜ್ಜಿಯೂ ಭಾನಾಮತಿಯೂ

ಗೋರ್ಟಾ (ಬಿ) ಗ್ರಾಮದಲ್ಲಿ ಕುಳಿತು ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯನ್ನು ಮತ್ತೊಮ್ಮೆ ಓದಿದೆ. ನಮ್ಮ ಬೀದರ ಸೀಮೆಯಲ್ಲಿ ಬಾಗಿಲಿಗೆ ನಿಂಬೆ-ಮೆಣಸಿನಕಾಯಿ ಕಟ್ಟುವುದು, ಕೂಸಿಗೆ ದೃಷ್ಟಿ ತೆಗೆಯುವುದು ದಿನದ ಮನೆವಾರ್ತೆ. ಆದರೆ ‘ಭಾನಾಮತಿ’ ಎಂಬ ಮಾತು ಬಂದೊಡನೆ ಸಂಶಯ ಯಾವಳೋ ಮುದುಕಿಯ ಕಡೆಗೆ, ವಿಧವೆಯ ಕಡೆಗೆ ತಿರುಗುತ್ತದೆ.

ಮೂಕಜ್ಜಿಯೂ ಬಾಲವಿಧವೆಯೇ. ವಸ್ತುವೊಂದನ್ನು ಮುಟ್ಟಿದರೆ ಅದರ ಹಿಂದಿನ ಕಾಲ ಅವಳ ಕಣ್ಣಿಗೆ ಕಟ್ಟುತ್ತದೆ. ಕಾರಂತರು ಆ ಶಕ್ತಿಯನ್ನು ಪವಾಡವಾಗಿ ಮೆರೆಸದೆ, ದೇವರುಗಳ ಹುಟ್ಟನ್ನೂ ತಾಯಿದೇವತೆಯ ಪೂಜೆಯನ್ನೂ ಕೆದಕಿ ನೋಡುವ ಸಾಧನ ಮಾಡಿಕೊಂಡರು. ಇದು ಕೃತಿಯ ಹಿರಿಮೆ. ಆದರೂ ನನ್ನದೊಂದು ಆಕ್ಷೇಪವುಂಟು. ಈ ಅಜ್ಜಿಗೆ ನೆಮ್ಮದಿಯ ಮನೆಯಿದೆ. ಕಿವಿಗೊಟ್ಟು ಕೇಳುವ ಮೊಮ್ಮಗ ಸುಬ್ಬರಾಯನಿದ್ದಾನೆ. ಆಸರೆಯಿಲ್ಲದವಳ ಬಾಯಲ್ಲಿ ಅದೇ ಮಾತು ಬಂದಿದ್ದರೆ ಊರು ಅರಳುಮರಳೆಂದು ನಕ್ಕು ಸುಮ್ಮನಾಗುತ್ತಿತ್ತೆ, ಮಾಟಗಾತಿ ಎನ್ನುತ್ತಿತ್ತೆ? ಆ ಭಯವನ್ನು ಕಾದಂಬರಿ ಹಗುರವಾಗಿ ದಾಟಿಬಿಟ್ಟಿದೆ.

1948ರಲ್ಲಿ ರಜಾಕಾರರ ಹತ್ಯಾಕಾಂಡ ಕಂಡ ಊರಿದು. ಕೇಡು ಮನುಷ್ಯನ ಕೈಯಿಂದಲೇ ಬರುತ್ತದೆಂದು ಇಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ವಾಮಾಚಾರ ತಡೆಯುವ 2017ರ ಕಾಯಿದೆ 2020ರಲ್ಲಿ ಜಾರಿಗೆ ಬಂದಿತು. ಕಾಯಿದೆ ಎತ್ತಿದ ಕೈಯನ್ನು ಹಿಡಿದೀತು, ಮನಸ್ಸಿನ ಭಯವನ್ನಲ್ಲ. ಆಸರೆಯಿಲ್ಲದ ಆ ಮುದುಕಿಯ ಕಥೆಯನ್ನು ನಮ್ಮ ಕಡೆಯ ಲೇಖಕರು ಬರೆಯಲಿ. ಓದಲು ನಾನು ಕಾದಿದ್ದೇನೆ.